ಡೆಲಿವರಿ ಬಾಕ್ಸ್: ಯಾವ ಮನೆಗೆ ಯಾವುದು ಒಗ್ಗುತ್ತದೆ?

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮುಂದೆ ಸಣ್ಣ ಕಾಂಪೌಂಡು, ಕಬ್ಬಿಣದ ಗೇಟು. ಮೂರು ವರ್ಷ ಆ ಗೇಟಿಗೆ ಒಂದು ಬಟ್ಟೆ ಚೀಲ ನೇತು ಹಾಕಿದ್ದೆವು. ಬೆಳಗ್ಗೆ ಐದೂವರೆಗೆ ಹಾಲಿನವನು ಅರ್ಧ ಲೀಟರಿನ ಎರಡು ಪ್ಯಾಕೆಟ್ ಹಾಕಿ ಹೋಗುತ್ತಿದ್ದ. ಒಂದು ದಿನ ಎದ್ದು ನೋಡಿದರೆ ಚೀಲದ ಕೆಳಗೆ ನೆಲದ ಮೇಲೆ ಬಿಳಿ ಗೆರೆ. ಪ್ಯಾಕೆಟ್ಟಿನ ಮೂಲೆಯಲ್ಲಿ ಎರಡೇ ಎರಡು ತೂತು. ಗೇಟಿನ ಕಂಬದ ಮೇಲೆ ಹಿಂದಿನ ಬೀದಿಯ ಬೆಕ್ಕು ಮೀಸೆ ನೆಕ್ಕುತ್ತಾ ಕೂತಿತ್ತು. ಇರುವೆಗಳು ಆಗಲೇ ಸಾಲು ಕಟ್ಟಿದ್ದವು.

ಆ ಕೋಪದಲ್ಲೇ ಹೋಗಿ ಒಂದು ಬಾಕ್ಸ್ ತಂದೆ. ದಪ್ಪ ಕಬ್ಬಿಣ, ಒಳ್ಳೆ ಬೀಗ, ಎರಡು ಕೀ. ಒಂದು ಕೀ ಹಾಲಿನವನಿಗೆ ಕೊಟ್ಟೆ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೊಂದು ದಿನ ಅವನ ಬದಲಿಗೆ ತಮ್ಮ ಬಂದ, ಕೀ ಅಣ್ಣನ ಜೇಬಲ್ಲಿ ಉಳಿದಿತ್ತು. ಅದೇ ಮಧ್ಯಾಹ್ನ ದಿನಸಿ ತಂದ ಹುಡುಗ ಫೋನ್ ಮಾಡಿ, "ಬಾಕ್ಸ್ ಮೇಲಿಟ್ಟಿದ್ದೀನಿ ಮೇಡಂ" ಅಂದ. ಸಂಜೆ ಬಂದು ನೋಡಿದರೆ ಬೀಗ ಭದ್ರ, ಬಾಕ್ಸ್ ಖಾಲಿ. ಅದರ ಮೇಲೆ ಬಿಸಿಲಲ್ಲಿ ಮೊಸರು, ಪನೀರು ಕೂತಿದ್ದವು.

ಬಾಕ್ಸ್ ಕೊಳ್ಳುವವರು ನಾವು, ಆದರೆ ಬಳಸುವವನು ಡೆಲಿವರಿ ಹುಡುಗ ಅನ್ನುವುದು ನನಗೆ ತಿಳಿದಿದ್ದು ಆಗಲೇ. ಅವನ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಫೋನು, ತಲೆ ಮೇಲೆ ಹೆಲ್ಮೆಟ್ಟು, ಗಾಡಿ ಇನ್ನೂ ಆಫ್ ಆಗಿಲ್ಲ. ಹತ್ತು ಸೆಕೆಂಡಿನಲ್ಲಿ, ಒಂದೇ ಕೈಯಲ್ಲಿ ಅವನಿಗೆ ತೆರೆಯಲು ಬರದಿದ್ದರೆ ಅದು ಎಂಥ ಬಾಕ್ಸಾದರೂ ಅಷ್ಟೇ, ಸಾಮಾನು ನೆಲದ ಮೇಲೆ. ಕೆಳಗೆ ಹೇಳಿರುವ ಪ್ರತಿಯೊಂದನ್ನೂ ನಾನು ಮೊದಲು ಅಳೆದಿದ್ದು ಈ ಲೆಕ್ಕದಲ್ಲೇ. ಬೀಗ, ತಗಡು, ಬೆಲೆ ಎಲ್ಲ ಆಮೇಲೆ.

ಮೊದಲು ಒಂದು ವಾರ ಬರೆದಿಡಿ

ಅಂಗಡಿಗೆ ಹೋಗುವ ಮೊದಲು ಒಂದು ವಾರ ಮನೆಗೆ ಏನೇನು ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ನೀವು ಒಳಗೆ ತೆಗೆದುಕೊಳ್ಳುವ ತನಕ ಎಷ್ಟು ಹೊತ್ತು ಹೊರಗಿರುತ್ತದೆ ಅಂತ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿಡಿ. ನಮ್ಮ ಮನೆಯ ಪಟ್ಟಿ ನೋಡಿ ನನಗೇ ಆಶ್ಚರ್ಯ ಆಯಿತು. ಹಾಲು ದಿನಾ, ಒಂದು ಗಂಟೆ ಹೊರಗೆ. ತರಕಾರಿ, ಸೊಪ್ಪು ವಾರಕ್ಕೆ ಎರಡು ಸಲ. ಪುಸ್ತಕ, ಬಟ್ಟೆ, ಚಾರ್ಜರ್ ಥರದ ಪಾರ್ಸೆಲ್ ವಾರಕ್ಕೆ ಒಂದೋ ಎರಡೋ, ಆದರೆ ಬರುವುದು ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ. 25 ಕೆಜಿ ಅಕ್ಕಿ ಮೂಟೆ ತಿಂಗಳಿಗೊಮ್ಮೆ. ಆ ಮೂಟೆಗೆ ಅಂತ ದೊಡ್ಡ ಬಾಕ್ಸ್ ಕೊಳ್ಳಬೇಡಿ. ಅದನ್ನು ಮನೆಯಲ್ಲಿ ಇರುವ ದಿನ ತರಿಸಿಕೊಂಡರಾಯಿತು.

ಬಾಕ್ಸಿಗೆ ಹೋಗಲೇಬಾರದ ಸಾಮಾನೂ ಇದೆ. ಡೆಲಿವರಿ ಸಮಯದಲ್ಲಿ ಒಟಿಪಿ ಕೇಳುವಂಥವು, ಮೊಬೈಲು, ಒಡವೆ, ಕ್ಯಾಶ್ ಆನ್ ಡೆಲಿವರಿ ಇವೆಲ್ಲ ಕೈಯಿಂದ ಕೈಗೇ ಬರಬೇಕು. ಇನ್ಸುಲಿನ್ ಕೂಡ. ಅದನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಐಸ್‌ಕ್ರೀಮಿನ ಆಸೆಯನ್ನಂತೂ ಬಿಟ್ಟೇಬಿಡಿ.

ಚೀಲ ಮತ್ತು ಬುಟ್ಟಿ

ಚೀಲವನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ಅದೇ ಮೊದಲ ರ್‍ಯಾಂಕು. ಯಾರಿಗೂ ಹೇಳಿಕೊಡಬೇಕಿಲ್ಲ, ಕತ್ತಲಲ್ಲೂ ಕೈಗೆ ಸಿಗುತ್ತದೆ. ಮೊದಲ ಮಹಡಿ, ಎರಡನೇ ಮಹಡಿಯವರಿಗೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಸಾಮಾನು ಹಾಕಿದ ತಕ್ಷಣ ಮೇಲೆಳೆದುಕೊಂಡರೆ ಬೆಕ್ಕೂ ಇಲ್ಲ, ಕಳ್ಳನೂ ಇಲ್ಲ. ಆದರೆ ಎಳೆಯಲು ಮನೆಯಲ್ಲಿ ಯಾರಾದರೂ ಇರಬೇಕು, ಅಲ್ವಾ? ನೀವು ಮನೆಯಲ್ಲೇ ಇರುವವರು, ಬರುವುದು ಹಾಲು ಮತ್ತು ಸೊಪ್ಪು ಮಾತ್ರ ಅಂತಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಬಟ್ಟೆ ಚೀಲದ ಬದಲು ಮುಚ್ಚಳ ಇರುವ ಸ್ಟೀಲ್ ಬಕೆಟ್ ನೇತು ಹಾಕಿ. ಬೆಕ್ಕಿನ ಹಲ್ಲು ತಾಗುವುದಿಲ್ಲ. ಕೋತಿ ಬರುವ ಬೀದಿಯಾದರೆ ಅದೂ ಸಾಲದು. ಕೋತಿಗೆ ಮುಚ್ಚಳ ತೆಗೆಯಲು ಬರುತ್ತದೆ.

ಹುಂಡಿ ಥರದ್ದು

ದೇವಸ್ಥಾನದ ಹುಂಡಿ ನೆನಪಿಸಿಕೊಳ್ಳಿ. ಹಾಕಲು ಎಲ್ಲರಿಗೂ ಆಗುತ್ತದೆ, ತೆಗೆಯಲು ಬೀಗದ ಕೀ ಇರುವವರಿಗೆ ಮಾತ್ರ. ಪಾರ್ಸೆಲ್ ಬಾಕ್ಸುಗಳಲ್ಲಿ ಒಂದು ಜಾತಿ ಹೀಗೇ ಇದೆ. ಮೇಲೆ ಅಂಚೆ ಡಬ್ಬದ ಬಾಯಿಗಿಂತ ದೊಡ್ಡದಾದ ಒಂದು ಬಾಗಿಲು. ಅದನ್ನು ಎಳೆದು ಪಾರ್ಸೆಲ್ ಇಟ್ಟು ಮುಚ್ಚಿದರೆ ಕೆಳಗೆ ಜಾರುತ್ತದೆ. ಒಳಗೆ ಓರೆಯಾಗಿ ಒಂದು ತಗಡು ಇರುವುದರಿಂದ ಮೇಲಿಂದ ಕೈ ಹಾಕಿದರೂ ಸಾಮಾನು ಸಿಗುವುದಿಲ್ಲ. ಕೊಳ್ಳುವಾಗ ಈ ಓರೆ ತಗಡು ಇದೆಯೇ ಅಂತ ನೀವೇ ಕೈ ಹಾಕಿ ನೋಡಿ. ನಿಮ್ಮ ಬೆರಳು ತಳಕ್ಕೆ ತಾಗಿದರೆ ಎಲ್ಲರದ್ದೂ ತಾಗುತ್ತದೆ.

ಇದರ ದೊಡ್ಡ ಗುಣ ಅಂದರೆ ದಿನಕ್ಕೆ ಎಷ್ಟು ಜನ ಬಂದರೂ ಹಾಕಿ ಹೋಗಬಹುದು. ನಂಬರ್ ಬೇಡ, ಕೀ ಬೇಡ. ಆದರೆ ಹಾಕಿದ್ದು ಬೀಳುತ್ತದೆ. ಪುಸ್ತಕ ಬಿದ್ದರೆ ಚಿಂತೆಯಿಲ್ಲ. ಮೊಟ್ಟೆ, ಟೊಮೆಟೊ, ಮೊಸರಿನ ಪ್ಯಾಕೆಟ್? ಅದರ ಮೇಲೆ ಮಧ್ಯಾಹ್ನ ಇನ್ನೊಬ್ಬ ಬಂದು ಎರಡು ಕೆಜಿ ಡಿಟರ್ಜೆಂಟ್ ಹಾಕಿದರೆ? ದಿನಸಿಗೆ ಇದು ಒಗ್ಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಪಾರ್ಸೆಲ್ಲೇ ಜಾಸ್ತಿ ಇದ್ದರೆ ಮಾತ್ರ ಇದನ್ನು ನೋಡಿ.

ತೆರೆದಿಟ್ಟು, ಮುಚ್ಚಿದರೆ ಬೀಗ ಬೀಳುವುದು

ಇದು ಅಲ್ಮೇರಾದ ಥರ ಎದುರಿಗೆ ಬಾಗಿಲಿರುವ, ಅಥವಾ ಟ್ರಂಕಿನ ಥರ ಮೇಲೆ ಮುಚ್ಚಳ ಇರುವ ಬಾಕ್ಸು. ಬೆಳಗ್ಗೆ ನೀವು ಇದನ್ನು ಬೀಗ ತೆಗೆದೇ ಬಿಡುತ್ತೀರಿ. ಬಂದವನು ಸಾಮಾನಿಟ್ಟು ಮುಚ್ಚಿದರೆ ಸ್ಪ್ರಿಂಗ್ ಚಿಲಕ ತಾನಾಗಿ ಬೀಳುತ್ತದೆ. ಆಮೇಲೆ ಕೀ ಇದ್ದರೆ ಮಾತ್ರ ತೆಗೆಯಲಾಗುತ್ತದೆ. ಮೊಟ್ಟೆಯನ್ನು ಮೆಲ್ಲಗೆ ಇಡಬಹುದು, ಚೀಲ ನೆಟ್ಟಗೆ ನಿಲ್ಲುತ್ತದೆ. ದಿನಸಿಗೆ ನನ್ನ ವೋಟು ಇದಕ್ಕೇ.

ತೊಂದರೆ ಒಂದೇ. ಮೊದಲು ಬಂದವನಿಗೆ ಮಾತ್ರ ಜಾಗ. ಬೆಳಗ್ಗೆ ಹಾಲಿನವನು ಮುಚ್ಚಿ ಹೋದ, ನೀವು ತೆಗೆದುಕೊಂಡು ಮತ್ತೆ ತೆರೆದಿಡಲು ಮರೆತಿರಿ ಅಂದರೆ ಹನ್ನೊಂದು ಗಂಟೆಗೆ ಬರುವ ತರಕಾರಿ ಬಾಕ್ಸಿನ ಮೇಲೆಯೇ. ಅದಕ್ಕೆ ನಾವು ಹಾಲಿಗೆ ಬೇರೆ ಸ್ಟೀಲ್ ಬಕೆಟ್ ಉಳಿಸಿಕೊಂಡಿದ್ದೇವೆ. ಬಾಕ್ಸ್ ಹಗಲಿನದಕ್ಕೆ ಮಾತ್ರ. ಎರಡು ಖಾನೆ ಇರುವ ಬಾಕ್ಸು ಸಿಕ್ಕರೆ ಅಥವಾ ಮಾಡಿಸಿದರೆ ಇನ್ನೂ ಒಳ್ಳೆಯದು.

ನಂಬರ್ ಬೀಗ, ಎಲೆಕ್ಟ್ರಾನಿಕ್ ಬೀಗ

ನಂಬರ್ ಬೀಗದಲ್ಲಿ ಎಷ್ಟು ಜನ ಬೇಕಾದರೂ ತೆರೆಯಬಹುದು. ಅದೇ ಅದರ ದೋಷವೂ. ಆ್ಯಪಿನಲ್ಲಿ ಡೆಲಿವರಿಯವರಿಗೆ ಸೂಚನೆ ಬರೆಯುವ ಜಾಗದಲ್ಲಿ ನಂಬರ್ ಬರೆದಿಟ್ಟರೆ ಆರು ತಿಂಗಳಲ್ಲಿ ಅದು ನಿಮ್ಮ ಬಡಾವಣೆಗೆ ಬರುವ ಎಲ್ಲ ಹುಡುಗರಿಗೂ ಗೊತ್ತಿರುತ್ತದೆ. ಅವರನ್ನು ಅನುಮಾನಿಸಬೇಕಿಲ್ಲ, ಗುಟ್ಟು ಅನ್ನುವುದು ಇಷ್ಟು ಜನರ ಹತ್ತಿರ ಉಳಿಯುವುದಿಲ್ಲ ಅಷ್ಟೇ. ತಿಂಗಳಿಗೊಮ್ಮೆ ನಂಬರ್ ಬದಲಿಸಿ.

ಮೂರು ಚಕ್ರದ ಬೀಗಕ್ಕೆ 1,000 ನಂಬರುಗಳು, ನಾಲ್ಕು ಚಕ್ರದ್ದಕ್ಕೆ 10,000. ಒಂದೊಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಮೂರರದ್ದು ಅರ್ಧ ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ನಾಲ್ಕರದ್ದಕ್ಕೆ ಐದೂವರೆ ಗಂಟೆ ಬೇಕು. ಹಾಗಾಗಿ ನಾಲ್ಕು ಚಕ್ರ. ಆದರೆ ಚಕ್ರ ತಿರುಗಿಸುವ ಬೀಗ ರಾತ್ರಿ ಹೊತ್ತು ಎಂಥ ಕಷ್ಟ ಅಂತ ನಾನು ಕಿಟಕಿಯಿಂದ ನೋಡಿದ್ದೇನೆ. ಹುಡುಗ ಫೋನಿನ ಟಾರ್ಚ್ ಹಚ್ಚಿ ಅದನ್ನು ಗಲ್ಲ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡ. ಚೀಲವನ್ನು ಮೊಣಕಾಲಿಗೆ ಒರಗಿಸಿದ. ಮೂರನೇ ಚಕ್ರ ತಿರುಗಿಸುವಾಗ ಎರಡನೆಯದೂ ತಿರುಗಿತು. ಎರಡು ಸಲ ಪ್ರಯತ್ನಿಸಿ ಬೆಲ್ ಒತ್ತಿದ. "ಎಲ್ಲಿಡ್ಲಿ ಮೇಡಂ?" ಗುಂಡಿ ಒತ್ತುವ ಬೀಗವೇ ಮೇಲು, ಅದರಲ್ಲೂ ಒತ್ತಿದರೆ ಬೆಳಕು ಬರುವಂಥದ್ದು.

ಗುಂಡಿ ಒತ್ತುವವುಗಳಲ್ಲಿ ಎಲೆಕ್ಟ್ರಾನಿಕ್ ಬೀಗಗಳೇ ಹೆಚ್ಚು. ಇವುಗಳಲ್ಲಿ ಒಂದು ಸಲ ಮಾತ್ರ ನಡೆಯುವ ನಂಬರ್ ಕೊಡಬಹುದು, ಯಾರು ಎಷ್ಟು ಹೊತ್ತಿಗೆ ತೆರೆದರು ಅಂತ ಫೋನಿಗೆ ಬರುತ್ತದೆ. ಕೇಳಲು ಚೆಂದ. ಕೊಳ್ಳುವ ಮೊದಲು ಅಂಗಡಿಯವರನ್ನು ನಾಲ್ಕು ಪ್ರಶ್ನೆ ಕೇಳಿ. ವೈಫೈ ಇಲ್ಲದಿದ್ದರೂ ನಂಬರ್ ಒತ್ತಿ ತೆರೆಯಬಹುದೇ? ನಮ್ಮ ನಡುಮನೆಯಲ್ಲಿರುವ ರೌಟರ್ ಸಿಗ್ನಲ್ ಎರಡು ಗೋಡೆ ದಾಟಿ ಗೇಟಿಗೆ ಬರುವ ಹೊತ್ತಿಗೆ ಉಸಿರು ಬಿಟ್ಟಿರುತ್ತದೆ. ಸೆಲ್ ಮುಗಿದರೆ ಹೊರಗಿನಿಂದ ಕರೆಂಟ್ ಕೊಡಲು ಜಾಗ ಇದೆಯೇ? ಸಾದಾ ಕೀ ಕೂಡ ಇದೆಯೇ? ಕೊನೆಯದು, ಆ ಕಂಪನಿ ಆ್ಯಪ್ ನಿಲ್ಲಿಸಿದರೆ ಬೀಗ ನಡೆಯುತ್ತದೆಯೇ? ಇದಕ್ಕೆ ನೇರ ಉತ್ತರ ಬರದಿದ್ದರೆ ನಾನಾದರೆ ಕೊಳ್ಳುವುದಿಲ್ಲ. ಮಳೆಗೆ ಮೈಯೊಡ್ಡುವ ಬೀಗವಾದರೆ ಐಪಿ 65 ಅಂತ ಬರೆದಿದೆಯೇ ನೋಡಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 5 ಅಂದರೆ ಪೈಪಿನಿಂದ ನೀರು ಹೊಡೆದರೂ ತಡೆಯುತ್ತದೆ ಅಂತ ಅರ್ಥ.

ನನ್ನ ಅಭಿಪ್ರಾಯ ಕೇಳಿದರೆ ಒಂದೇ ಕುಟುಂಬದ ಮನೆಗೆ ಇದು ಅತಿಯಾಯಿತು. ಮೂರು ನಾಲ್ಕು ಬಾಡಿಗೆ ಮನೆಗಳಿಗೆ ಒಂದೇ ಗೇಟಿದ್ದು, ಎಲ್ಲರೂ ಸೇರಿ ಖರ್ಚು ಹಂಚಿಕೊಂಡರೆ ಆಗ ಅರ್ಥ ಇದೆ.

ತಗಡು, ಪ್ಲಾಸ್ಟಿಕ್ಕು, ತುಕ್ಕು

ಸಿದ್ಧ ಬಾಕ್ಸ್ ಕೊಳ್ಳುವುದೋ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದೋ? ನಾನು ಎರಡನೇ ಸಲ ಮಾಡಿಸಿದೆ. ಗೇಟು, ಗ್ರಿಲ್ ಮಾಡುವವರೇ ಮಾಡಿಕೊಡುತ್ತಾರೆ. ಲೆಕ್ಕ ಸಾಮಾನ್ಯವಾಗಿ ಕೆಜಿಗೆ ಇಷ್ಟು ಅಂತ. ಆದ್ದರಿಂದ ತೂಕ ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮೋಸ ಹೋಗುವುದಿಲ್ಲ. 18 ಗೇಜ್ ಶೀಟು ಸುಮಾರು 1.2 ಮಿಲಿಮೀಟರ್ ದಪ್ಪ, ಒಂದು ಚದರ ಮೀಟರಿಗೆ ಒಂಬತ್ತೂವರೆ ಕೆಜಿ. 45 ಸೆಂಟಿಮೀಟರ್ ಅಗಲ, 40 ಆಳ, 60 ಎತ್ತರದ ಬಾಕ್ಸಿಗೆ 1.38 ಚದರ ಮೀಟರ್ ಶೀಟು ಬೇಕು. ಅಂದರೆ 13 ಕೆಜಿ. ಚೌಕಟ್ಟು, ಕಾಲು ಸೇರಿ 16 ಕೆಜಿ ಅಂದುಕೊಳ್ಳಿ. ನಮ್ಮದು ಬಣ್ಣ, ಬೀಗ, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಆಯಿತು. ನಿಮ್ಮ ಊರಲ್ಲಿ ಬೇರೆ ಇರಬಹುದು. ಗೇಜ್ ನಂಬರ್ ಜಾಸ್ತಿಯಾದಷ್ಟೂ ಶೀಟು ತೆಳು ಅನ್ನುವುದು ನೆನಪಿರಲಿ. 22 ಗೇಜಿನ ಬಾಗಿಲನ್ನು ಸ್ಕ್ರೂಡ್ರೈವರ್ ಹಾಕಿ ಬಗ್ಗಿಸಬಹುದು.

ಮಾಡಿಸುವಾಗ ಮೇಸ್ತ್ರಿಗೆ ಹೇಳಬೇಕಾದ್ದು ಇಷ್ಟು. ಮೇಲಿನ ಶೀಟು ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿರಲಿ, ಎರಡು ಮೂರು ಸೆಂಟಿಮೀಟರ್ ಬಾಗಿಲಿನಾಚೆ ಚಾಚಿರಲಿ. ಕಾಲಿನ ಎತ್ತರ ನಾಲ್ಕು ಇಂಚು. ತಳದಲ್ಲಿ ನಾಲ್ಕು ಸಣ್ಣ ತೂತು, ಯಾಕೆಂದರೆ ತೊಳೆದ ಸೊಪ್ಪಿನ ನೀರು ಸೋರಿ ಅಲ್ಲೇ ನಿಂತರೆ ತುಕ್ಕು ಹಿಡಿಯುವುದು ಒಳಗಿನಿಂದ. ಆ ತೂತಿಗೆ ಸೊಳ್ಳೆ ಪರದೆಯ ಜಾಲರಿ. ಕೀಲು ಒಳಗಡೆ ಬರಲಿ. ಹೊರಗಿದ್ದರೆ ಬೀಗ ಮುಟ್ಟದೆಯೇ ಕೀಲು ಕಿತ್ತು ಬಾಗಿಲು ತೆಗೆಯುತ್ತಾರೆ. ಹಿಂದಿನ ಕಾಲದ ಜಾಲರಿ ಬೀರುವಿನ ಕಾಲಿಗೆ ಇಟ್ಟಂತೆ ನೀರಿನ ಬಟ್ಟಲು ಇಡೋಣ ಅಂತ ನಮ್ಮತ್ತೆ ಹೇಳಿದರು. ಇರುವೆ ಬರುವುದಿಲ್ಲ, ಆದರೆ ಆ ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಬೇಡ ಅಂದೆ.

ಮಂಗಳೂರು, ಉಡುಪಿ, ಕಾರವಾರದ ಕಡೆ ಕಬ್ಬಿಣ ಮಾಡಿಸಬೇಡಿ. ಉಪ್ಪಿನ ಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಗೆ ಬಣ್ಣ ಎಲ್ಲಿ ಗೀರು ಬಿದ್ದಿದೆಯೋ ಅಲ್ಲಿಂದ ತುಕ್ಕು ಶುರು. ಸ್ಟೀಲ್ ಅಂದರೆ 304 ದರ್ಜೆಯದ್ದು ಕೇಳಿ. 202 ಅಗ್ಗ, ಆದರೆ ಬೇಗ ಚುಕ್ಕಿ ಹಿಡಿಯುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡಕ್ಕೂ ಮ್ಯಾಗ್ನೆಟ್ ಸರಿಯಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ಕರಾವಳಿಯವರ ಹತ್ತಿರ ಇನ್ನೊಂದು ಸುಲಭದ ದಾರಿ ಇದೆ. ಮೀನಿನವರು ಬಳಸುವ ದಪ್ಪ ಪ್ಲಾಸ್ಟಿಕ್ ಐಸ್ ಬಾಕ್ಸ್. ಅದಕ್ಕೊಂದು ಕೊಂಡಿ, ಬೀಗ ಹಾಕಿಸಿದರೆ ತುಕ್ಕಿನ ಮಾತೇ ಇಲ್ಲ. ನೆರಳಲ್ಲಿಡಿ, ಬಿಸಿಲಿಗೆ ಪ್ಲಾಸ್ಟಿಕ್ ಕಾಲಕ್ರಮೇಣ ಪೆಡಸಾಗುತ್ತದೆ.

ತಂಪಿನ ವಿಷಯ

ಆಹಾರ ಸುರಕ್ಷತೆಯವರು 5ರಿಂದ 60 ಡಿಗ್ರಿ ನಡುವಿನ ಶಾಖವನ್ನು ಅಪಾಯದ ವಲಯ ಅನ್ನುತ್ತಾರೆ. ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ. ನಮ್ಮೂರಿನ ಹಗಲು ಪೂರ್ತಿ ಆ ವಲಯದಲ್ಲೇ ಇರುತ್ತದೆ. ಬಿಸಿಲಿಗೆ ಇಟ್ಟ ಕಬ್ಬಿಣದ ಬಾಕ್ಸಿನ ಒಳಗೆ ಹೊರಗಿಗಿಂತ ಜಾಸ್ತಿ ಕಾವು. ಮೊದಲ ಬಾಕ್ಸಿನೊಳಗೆ ನಾನು ಏಪ್ರಿಲ್‌ನಲ್ಲಿ ಕೈ ಹಾಕಿದಾಗ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗಿತ್ತು. ಹಾಗಾಗಿ ಜಾಗ ಹುಡುಕುವಾಗ ಬೆಳಗ್ಗೆ ಅಲ್ಲ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ, ನೆರಳು ಎಲ್ಲಿದೆ ಅಂತ.

ಒಳಗೆ ಥರ್ಮಾಕೋಲ್ ಅಥವಾ ಪಫ್ (ಫ್ರಿಜ್ಜಿನ ಗೋಡೆಯೊಳಗೆ ತುಂಬುವ ಗಟ್ಟಿ ಫೋಮ್) ಹಾಕಿಸಿದರೆ ತಂಪಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅದು ಶಾಖ ಒಳಗೆ ಬರುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ತಂಪು ಮಾಡಲು ಐಸೇ ಬೇಕು. ಲೆಕ್ಕದ ಪ್ರಕಾರ 1 ಕೆಜಿ ಐಸ್ ಕರಗುವಷ್ಟರಲ್ಲಿ 4 ಲೀಟರ್ ನೀರನ್ನು 20 ಡಿಗ್ರಿ ತಣಿಸುವಷ್ಟು ಶಾಖ ಹೀರುತ್ತದೆ. ರಾತ್ರಿ ಫ್ರೀಜರಿನಲ್ಲಿ ಇಟ್ಟ ಎರಡು ನೀರಿನ ಬಾಟಲಿ ಸಾಕು, ವಿಶೇಷ ಜೆಲ್ ಪ್ಯಾಕ್ ಏನೂ ಬೇಡ. ಅದೇ ದಪ್ಪದ ಪಫ್ ಥರ್ಮಾಕೋಲಿಗಿಂತ ಸುಮಾರು ಒಂದೂವರೆ ಪಟ್ಟು ಚೆನ್ನಾಗಿ ತಡೆಯುತ್ತದೆ. ಆದರೆ ಥರ್ಮಾಕೋಲ್ ಪುಡಿಯಾದರೆ ಬದಲಿಸುವುದು ಸುಲಭ. ನಾನು ಇಡೀ ಬಾಕ್ಸಿಗೆ ಹಾಕಿಸಲಿಲ್ಲ. ಒಳಗೆ ಒಂದು ಜಿಪ್ ಇರುವ ಥರ್ಮಲ್ ಬ್ಯಾಗ್ ಇಟ್ಟು, ಮೊಸರು, ಪನೀರು ಬರುವ ದಿನ ಮಾತ್ರ ಅದರಲ್ಲಿ ಐಸ್ ಬಾಟಲಿ ಇಡುತ್ತೇನೆ. ಪ್ರಯಾಣ ಹೋಗುವ ವಾರ ಹಾಲು ನಿಲ್ಲಿಸಿ, ಫ್ರಿಜ್ ಇಲ್ಲದೆ ಇಡಬಹುದಾದ ಟೆಟ್ರಾ ಪ್ಯಾಕಿನ ಹಾಲು ತರಿಸಿಡುತ್ತೇನೆ. ನಂದಿನಿಯ ಗುಡ್‌ಲೈಫ್ ಆ ಜಾತಿಯದ್ದು. ಪ್ಯಾಕಿನ ಮೇಲೆ ಬರೆದ ದಿನಾಂಕದೊಳಗೆ, ಒಡೆಯುವ ತನಕ ಕೆಡುವುದಿಲ್ಲ.

ಕಟ್ಟುವುದು, ಕೂರಿಸುವುದು

ಬೀಗ ಒಡೆಯುವುದಕ್ಕಿಂತ ಬಾಕ್ಸನ್ನೇ ಎತ್ತಿಕೊಂಡು ಹೋಗುವುದು ಸುಲಭ. ನಾಲ್ಕು ಆ್ಯಂಕರ್ ಬೋಲ್ಟ್, 10 ಮಿಲಿಮೀಟರಿನವು, ಒಳಗಡೆಯಿಂದ ಬಿಗಿಸಬೇಕು. ಟೊಳ್ಳು ಬ್ಲಾಕಿನ ಗೋಡೆ ಆದರೆ ಆ್ಯಂಕರ್ ಹಿಡಿಯುವುದಿಲ್ಲ. ಆಗ ನೆಲದ ಕಾಂಕ್ರೀಟಿಗೆ ಬಿಗಿಸಿ. ಬಾಡಿಗೆ ಮನೆಯಾದರೆ ಮಾಲೀಕರು ತೂತು ಹೊಡೆಯಲು ಬಿಡುವುದಿಲ್ಲ. ಬಾಕ್ಸಿನ ತಳದಲ್ಲಿ ಕಡಪ ಕಲ್ಲಿನ ತುಂಡು, ಇಲ್ಲವೇ ಯಾರೂ ಬಳಸದ ಹಳೆ ರುಬ್ಬುವ ಗುಂಡು ಇಟ್ಟು, ಗ್ರಿಲ್ಲಿಗೆ ಚೈನ್ ಹಾಕಿ.

ಮನೆ ಕಟ್ಟಿಸುತ್ತಿರುವವರಿಗೆ ಮಾತ್ರ ಸಿಗುವ ಒಂದು ಸೌಲಭ್ಯ ಇದೆ. ಕಾಂಪೌಂಡ್ ಗೋಡೆಯಲ್ಲಿ ಒಂದೂವರೆ ಅಡಿ ಚೌಕದ ಜಾಗ ಬಿಡಿಸಿ, ಬಾಕ್ಸನ್ನು ಗೋಡೆಯೊಳಗೇ ಕೂರಿಸಿ. ರಸ್ತೆ ಕಡೆಯಿಂದ ಹಾಕುವುದು, ಅಂಗಳದ ಕಡೆಯಿಂದ ತೆಗೆಯುವುದು. ಗೇಟು ತೆರೆಯಲೇಬೇಕಿಲ್ಲ, ನಾಯಿ ಇದ್ದರೂ ಚಿಂತೆಯಿಲ್ಲ. ಫುಟ್‌ಪಾತಿಗೆ ಮಾತ್ರ ಚಾಚಬೇಡಿ.

ಅಪಾರ್ಟ್‌ಮೆಂಟಿನವರಿಗೆ ಬೇರೆ ಕತೆ. ಬೆಂಗಳೂರಿನಲ್ಲಿ ನಮ್ಮಕ್ಕ ಇರುವ ಕಡೆ ಮೈಗೇಟ್ ಥರದ ಆ್ಯಪಿನಲ್ಲಿ 'ಗೇಟಿನಲ್ಲೇ ಬಿಡಿ' ಅಂತ ಒತ್ತಿದರೆ ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ. ಪಾರ್ಸೆಲ್ಲಿಗೆ ಅದು ಸರಿ. ದಿನಸಿಗೆ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಮುಚ್ಚಳದ ಪ್ಲಾಸ್ಟಿಕ್ ಕ್ರೇಟ್ ಸಾಕು. ದಾರಿಗೆ ಅಡ್ಡ ಬಂದರೆ ಬೆಂಕಿ ಅನಾಹುತದಲ್ಲಿ ಎಡವುತ್ತಾರೆ, ಅದಕ್ಕೆ ಅಸೋಸಿಯೇಷನ್ ಕೇಳಿಯೇ ಇಡಿ. ಅಮೆರಿಕದಲ್ಲಿರುವ ನಮ್ಮವರು ಒಂದು ಗಮನಿಸಬೇಕು. ಅಲ್ಲಿ ಮನೆ ಮುಂದಿನ ಮೇಲ್‌ಬಾಕ್ಸ್ ಅಂಚೆಯ ಕಾಗದಕ್ಕೆ ಮಾತ್ರ, ಅಂಚೆ ಶುಲ್ಕ ಕಟ್ಟದೆ ಬೇರೆಯವರು ಅದರಲ್ಲಿ ಹಾಕುವಂತಿಲ್ಲ ಅಂತ ಕಾನೂನೇ ಇದೆ. ದಿನಸಿಗೆ ಬೇರೆ ಬಾಕ್ಸೇ ಬೇಕು.

ಕೊನೆಗೆ ಬೋರ್ಡು. ನಮ್ಮ ಬೀದಿಗೆ ಬರುವ ಹುಡುಗರಲ್ಲಿ ರಾಯಚೂರಿನವರೂ ಇದ್ದಾರೆ, ಒಡಿಶಾದವರೂ ಇದ್ದಾರೆ. ಕನ್ನಡದಲ್ಲಿ 'ಇಲ್ಲಿಡಿ, ಮುಚ್ಚಿ' ಅಂತ ದೊಡ್ಡದಾಗಿ ಬರೆಸಿ, ಕೆಳಗೆ ಹಿಂದಿಯಲ್ಲಿ, ಪಕ್ಕದಲ್ಲಿ ಒಂದು ಚೀಲದ ಚಿತ್ರ ಮತ್ತು ಬಾಣ. 'ಇಟ್ಟ ಮೇಲೆ ಫೋಟೋ ತೆಗೆಯಿರಿ' ಅಂತ ಆ್ಯಪಿನಲ್ಲೂ ಬರೆದಿಡಿ. ಸಾಮಾನು ಕಮ್ಮಿ ಬಂದರೆ ಮೊದಲು ಅಂಗಡಿಗೆ ದೂರು ಕೊಡಿ, ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಿಮ್ಮ ಹತ್ತಿರವೂ ಒಂದು ಫೋಟೋ ಇದ್ದರೆ ಮಾತು ನಡೆಯುತ್ತದೆ.

ಹಣ ಕೊಡುವ ಮೊದಲು ಒಂದು ಪ್ರಯೋಗ ಮಾಡಿ ನೋಡಿ. ನೀವು ಅಂದುಕೊಂಡ ಜಾಗದಲ್ಲಿ, ಅಂದುಕೊಂಡ ಅಳತೆಯ ಒಂದು ಖಾಲಿ ರಟ್ಟಿನ ಡಬ್ಬ ಇಟ್ಟು, ಅದರ ಮೇಲೆ ಅದೇ ಬೋರ್ಡ್ ಅಂಟಿಸಿ ಒಂದು ವಾರ ಬಿಡಿ. ನಾವು ಮೊದಲು ಗೇಟಿನಿಂದ ಎಂಟು ಹೆಜ್ಜೆ ಒಳಗೆ, ಮೆಟ್ಟಿಲ ಪಕ್ಕ ಇಟ್ಟಿದ್ದೆವು. ನಾಲ್ಕು ದಿನದಲ್ಲಿ ಮೂರು ಸಲ ಚೀಲ ಗೇಟಿನ ಬುಡದಲ್ಲೇ ಇತ್ತು. ಡಬ್ಬವನ್ನು ಗೇಟಿನ ಪಕ್ಕಕ್ಕೆ, ಕೈಗೆಟುಕುವಷ್ಟು ಹತ್ತಿರ ಸರಿಸಿದೆ. ಮಾರನೇ ದಿನ ಮೊಟ್ಟೆ, ಸೊಪ್ಪು, ಬ್ರೆಡ್ಡು ಎಲ್ಲ ಡಬ್ಬದೊಳಗೆ. ಮೇಲೆ ರಟ್ಟು ಮುಚ್ಚಿ, ಗಾಳಿಗೆ ಹಾರದಿರಲಿ ಅಂತ ಆ ಹುಡುಗ ಒಂದು ಕಲ್ಲೂ ಇಟ್ಟು ಹೋಗಿದ್ದ. ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟಿದ್ದು ಅವತ್ತೇ ಸಂಜೆ.